ಘಾಟಿ, ಮಳೆ, ತೋಟದ ದಾರಿ: ಕೊಡಗಿಗೆ ಯಾವ ಟರ್ಬೊ ಸೆಡಾನ್ ಸರಿ?

ಕೊಡಗಿನಲ್ಲಿ ಗಾಡಿ ಅಂದ ಕೂಡಲೇ ಜೀಪು, ಜಿಪ್ಸಿ, ಥಾರ್ ನೆನಪಾಗುತ್ತವೆ. ಆದರೆ ಸೆಡಾನ್ ಹುಚ್ಚಿನವರೂ ನಮ್ಮಲ್ಲಿ ಕಡಿಮೆ ಇಲ್ಲ. ಕೊಯ್ಲಾದ ಗದ್ದೆಯಲ್ಲಿ ಆಟೋಕ್ರಾಸ್ ನೋಡಿಕೊಂಡು ಬೆಳೆದ ಹುಡುಗರಿಗೆ ಸ್ಟೀರಿಂಗ್ ತಿರುಗಿಸುವುದನ್ನು ಯಾರೂ ಕಲಿಸಬೇಕಾಗಿಲ್ಲ. ಅವರಿಗೆ ತಲೆಬಿಸಿ ಆಗುವುದು ಶೋರೂಂನಲ್ಲಿ. ಆನ್‌ರೋಡ್ ಇಪ್ಪತ್ತು ಲಕ್ಷದ ಆಸುಪಾಸಿನಲ್ಲಿ ಮೂರು ಕಾರು ನಿಂತಿವೆ: ಸ್ಕೋಡಾ ಸ್ಲಾವಿಯಾ, ಫೋಕ್ಸ್‌ವ್ಯಾಗನ್ ವರ್ಟಸ್, ಹ್ಯುಂಡೈ ವೆರ್ನಾ. ಮೂರಕ್ಕೂ ಟರ್ಬೊ (ಇಂಜಿನ್‌ಗೆ ಗಾಳಿ ಒತ್ತಿ ತುಂಬುವ ಫ್ಯಾನ್) ಇದೆ, ಮೂರೂ ಓಡುತ್ತವೆ. ಯಾವುದನ್ನು ತಗೊಳ್ಳುವುದು?

ಯೂಟ್ಯೂಬ್ ವಿಡಿಯೊಗಳಲ್ಲಿ ಈ ಕಾರುಗಳನ್ನು ಎಕ್ಸ್‌ಪ್ರೆಸ್‌ವೇಯಲ್ಲಿ ಓಡಿಸಿ, ಸೊನ್ನೆಯಿಂದ ನೂರಕ್ಕೆ ಎಷ್ಟು ಸೆಕೆಂಡ್ ಅಂತ ಲೆಕ್ಕ ಹಾಕುತ್ತಾರೆ. ನಮಗೆ ಅದರಿಂದ ಏನೂ ತಿಳಿಯುವುದಿಲ್ಲ. ಇಲ್ಲಿ ಕಾರನ್ನು ಪರೀಕ್ಷೆ ಮಾಡುವುದು ಎರಡೇ ಜಾಗ: ಮಳೆಯಲ್ಲಿ ಎರಡನೇ ಗೇರ್‌ನ ಏರು ತಿರುವು, ಮತ್ತು ನಿಮ್ಮ ಗೇಟಿನಿಂದ ಟಾರ್ ರಸ್ತೆವರೆಗಿನ ದಾರಿ. ಮೊದಲನೆಯದು ಹ್ಯಾಂಡ್ಲಿಂಗ್, ಅಂದರೆ ತಿರುವಿನಲ್ಲಿ ಗಾಡಿ ಎಷ್ಟು ಮಾತು ಕೇಳುತ್ತದೆ ಅಂತ ಹೇಳುತ್ತದೆ. ಎರಡನೆಯದು ಯಾವ ಗೇರ್‌ಬಾಕ್ಸ್ ತಗೊಳ್ಳಬೇಕು ಅಂತ ಹೇಳುತ್ತದೆ. ನನ್ನ ಪ್ರಕಾರ ಕಾರು ಬಹುಕಾಲ ಬಾಳುತ್ತದೋ ಇಲ್ಲವೋ ಅನ್ನುವುದು ಹೆಚ್ಚಾಗಿ ಆ ಗೇರ್‌ಬಾಕ್ಸ್ ಮೇಲೆ ನಿಂತಿದೆ.

ಮೊದಲು ಒಂದು ದಾರ ಕಟ್ಟಿ

ಶೋರೂಂಗೆ ಹೋಗುವ ಮೊದಲು ಮನೆಯ ದಾರಿ ನೋಡಿ. ಪೊನ್ನಂಪೇಟೆ, ನಾಪೋಕ್ಲು, ಸೋಮವಾರಪೇಟೆ, ಎಲ್ಲೇ ಇರಲಿ, ತೋಟದ ಮನೆಗಳ ದಾರಿ ಒಂದೇ ಥರ. ಎರಡು ಚಕ್ರದ ಜಾಡು, ನಡುವೆ ಹುಲ್ಲು ಬೆಳೆದ ದಿಬ್ಬ. ಜೀಪಿಗೆ ಅದು ಲೆಕ್ಕಕ್ಕೇ ಇಲ್ಲ. ಸೆಡಾನ್‌ಗೆ ಎಲ್ಲವೂ ಅದೇ.

ದಿಬ್ಬ ಜಾಸ್ತಿ ಎದ್ದಿರುವ ಕಡೆ ಎರಡು ಜಾಡಿನಲ್ಲೂ ಒಂದೊಂದು ಗೂಟ ನೆಡಿ. ಜಾಡಿನ ನೆಲದಿಂದ 120 ಮಿಲಿಮೀಟರ್ ಎತ್ತರಕ್ಕೆ ಗೂಟದಿಂದ ಗೂಟಕ್ಕೆ ದಾರ ಬಿಗಿಯಾಗಿ ಕಟ್ಟಿ. ನಡುವಿನ ಮಣ್ಣು ಅಥವಾ ಕಲ್ಲು ದಾರಕ್ಕೆ ತಾಗಿದರೆ ಸೆಡಾನ್ ಯೋಚನೆ ಬಿಡಿ, ಇಲ್ಲ ಮೊದಲು ದಾರಿ ಸರಿಮಾಡಿಸಿ. ಹುಲ್ಲು ತಾಗಿದರೆ ಪರವಾಗಿಲ್ಲ. ವರ್ಟಸ್ ಮತ್ತು ಸ್ಲಾವಿಯಾದ ಗ್ರೌಂಡ್ ಕ್ಲಿಯರೆನ್ಸ್ (ನೆಲದಿಂದ ಗಾಡಿಯ ತಳಕ್ಕಿರುವ ಎತ್ತರ) 179 ಮಿ.ಮೀ., ವೆರ್ನಾದ್ದು 165 ಮಿ.ಮೀ. ಅಂತ ಹೇಳುತ್ತಾರಲ್ಲ, ಹಾಗಾದರೆ 120 ಯಾಕೆ ಅಂತೀರಾ? ಆ ಲೆಕ್ಕ ಖಾಲಿ ಗಾಡಿಯದು. ನಾಲ್ಕು ಜನ ಕೂತು ಡಿಕ್ಕಿಯಲ್ಲಿ ಒಂದು ಮೂಟೆ ಇಟ್ಟರೆ ಹಿಂಭಾಗ ಕೂರುತ್ತದೆ. ಗುಂಡಿಗೆ ಇಳಿದಾಗ ಇನ್ನೂ ಸ್ವಲ್ಪ ಕೂರುತ್ತದೆ.

ಆಮೇಲೆ ಒಂದು ಚೀಟಿಯಲ್ಲಿ ಬರೆದುಕೊಳ್ಳಿ: ವಾರದಲ್ಲಿ ತೋಟದ ದಾರಿ ಎಷ್ಟು, ಘಾಟಿ ಎಷ್ಟು, ಮೈಸೂರು ಬೆಂಗಳೂರು ಹೈವೇ ಎಷ್ಟು. ಮುಂದೆ ಈ ಚೀಟಿ ಕೆಲಸಕ್ಕೆ ಬರುತ್ತದೆ.

ಯಾರ್ಯಾರು ಸ್ಪರ್ಧೆಯಲ್ಲಿದ್ದಾರೆ

ಸ್ಕೋಡಾ ಸ್ಲಾವಿಯಾ ಮತ್ತು ಫೋಕ್ಸ್‌ವ್ಯಾಗನ್ ವರ್ಟಸ್ ಎರಡೂ 2022ರಲ್ಲಿ ಬಂದವು. ಒಳಗೆ ಒಂದೇ ಚಾಸಿ, ಒಂದೇ ಇಂಜಿನ್. ಹೊರಗಿನ ಬಟ್ಟೆ ಬೇರೆ ಅಷ್ಟೆ. 1.5 ಟಿಎಸ್‌ಐ (ಈ ಎರಡು ಕಂಪನಿಗಳ ಟರ್ಬೊ ಪೆಟ್ರೋಲ್) ಇಂಜಿನ್ 150 ಪಿಎಸ್ (ಅಶ್ವಶಕ್ತಿ) ಪವರ್, 250 ನ್ಯೂಟನ್ ಮೀಟರ್ ಟಾರ್ಕ್ (ಚಕ್ರ ತಿರುಗಿಸುವ ಬಲ) ಕೊಡುತ್ತದೆ. ಮೂರು ಸಿಲಿಂಡರ್‌ನ 1.0 ಟಿಎಸ್‌ಐ ಕೂಡ ಇದೆ, 115 ಪಿಎಸ್. ಹ್ಯುಂಡೈ ವೆರ್ನಾದ ಈಗಿನ ರೂಪ 2023ರಲ್ಲಿ ಬಂತು. ಅದರ 1.5 ಟರ್ಬೊ 160 ಪಿಎಸ್, 253 ನ್ಯೂಟನ್ ಮೀಟರ್. ಕಾಗದದ ಮೇಲೆ ವೆರ್ನಾ ಹತ್ತು ಪಿಎಸ್ ಮುಂದೆ. ರಸ್ತೆಯಲ್ಲಿ ಆ ಹತ್ತು ನಿಮಗೆ ಗೊತ್ತಾಗುವುದಿಲ್ಲ. ಸುರಕ್ಷತೆಯಲ್ಲಿ ಜಗಳ ಬೇಡ, ಮೂರೂ ಗ್ಲೋಬಲ್ ಎನ್‌ಕ್ಯಾಪ್‌ನ ಕ್ರ್ಯಾಶ್ ಟೆಸ್ಟ್‌ನಲ್ಲಿ ಐದು ಸ್ಟಾರ್ ತಗೊಂಡಿವೆ.

ಸೆಕೆಂಡ್ ಹ್ಯಾಂಡ್ ಆಸೆ ಇರುವವರಿಗೆ ಸ್ಕೋಡಾ ಆಕ್ಟೇವಿಯಾ ಇದೆ. ಅದಕ್ಕೆ ಕೆಳಗೆ ಬೇರೆಯೇ ಜಾಗ ಕೊಟ್ಟಿದ್ದೇನೆ, ಯಾಕಂದರೆ ಅದು ಬೇರೆಯೇ ಕಥೆ. ಬಿಎಂಡಬ್ಲ್ಯು 3 ಸೀರೀಸ್ ಕೇಳುವವರೂ ಇದ್ದಾರೆ. ಓಡಿಸಲು ಅದಕ್ಕಿಂತ ಖುಷಿ ಕೊಡುವ ಸೆಡಾನ್ ಹುಡುಕುವುದು ಕಷ್ಟ, ಒಪ್ಪುತ್ತೇನೆ. ಆದರೆ ರನ್‌ಫ್ಲಾಟ್ (ಗಾಳಿ ಹೋದರೂ ಸ್ವಲ್ಪ ದೂರ ಓಡುವ) ಟಯರ್ ಹಾಕಿಕೊಂಡು ಭಾಗಮಂಡಲದಿಂದ ಕರಿಕೆ ಕಡೆ ಹೋಗಿ, ನೆಟ್‌ವರ್ಕ್ ಇಲ್ಲದ ಕಾಡಿನಲ್ಲಿ ಟಯರ್ ಪಕ್ಕ ಸೀಳಿಕೊಂಡರೆ ಏನು ಮಾಡುತ್ತೀರಿ ಅಂತ ಮೊದಲು ಯೋಚಿಸಿ.

ಟೆಸ್ಟ್ ಡ್ರೈವ್: ಘಾಟಿಯಲ್ಲೇ ಮಾಡಿ

ಶೋರೂಂನವರು ಕಾರು ಕೊಟ್ಟು ರಿಂಗ್ ರಸ್ತೆಯಲ್ಲಿ ಒಂದು ಸುತ್ತು ಹಾಕಿಸಿ ವಾಪಸ್ ಕರೆದುಕೊಂಡು ಬರುತ್ತಾರೆ. ಅದಕ್ಕೆ ಒಪ್ಪಬೇಡಿ. ಮನೆಗೆ ಗಾಡಿ ತಂದು ತೋರಿಸಿ ಅಂತ ಕೇಳಿ. ಕೊಳ್ಳುವ ಮನಸ್ಸಿರುವ ಗಿರಾಕಿ ಅಂತ ಗೊತ್ತಾದರೆ ಸಾಮಾನ್ಯವಾಗಿ ತರುತ್ತಾರೆ. ಮಡಿಕೇರಿಯಿಂದ ಸಂಪಾಜೆ ಕಡೆ ಇಳಿದು ಹತ್ತಿದರೆ ಒಳ್ಳೆಯದು. ಹತ್ತಿರ ಹತ್ತಿರ ಸಾವಿರ ಮೀಟರ್ ಇಳಿತ, ಎಲ್ಲ ಬಗೆಯ ತಿರುವು, ಒಳ್ಳೆ ಟಾರೂ ಇದೆ, ಕೆಟ್ಟ ಟಾರೂ ಇದೆ. ವಿರಾಜಪೇಟೆ ಕಡೆಯವರಿಗೆ ಮಾಕುಟ್ಟ ಘಾಟಿ ಸಾಕು. ಮಳೆ ಬರುವ ದಿನ ಸಿಕ್ಕಿದರೆ ಇನ್ನೂ ಒಳ್ಳೆಯದು. ಮನೆಯವರನ್ನೂ ಕೂರಿಸಿಕೊಳ್ಳಿ. ಒಬ್ಬರೇ ಕೂತ ಕಾರು ಒಂದು ಥರ, ನಾಲ್ಕು ಜನ ಕೂತ ಕಾರು ಇನ್ನೊಂದು ಥರ. ಹಿಂದಿನ ಸೀಟಿನಲ್ಲಿ ಅಮ್ಮನಿಗೆ ವಾಂತಿ ಬರುತ್ತದೋ ಇಲ್ಲವೋ ಅನ್ನುವುದೂ ಹ್ಯಾಂಡ್ಲಿಂಗ್ ಪರೀಕ್ಷೆಯೇ. ರೇಸ್ ಮಾಡಬೇಡಿ, ಮಾಮೂಲಿ ವೇಗದಲ್ಲೇ ಎಲ್ಲ ಗೊತ್ತಾಗುತ್ತದೆ.

ಏರು ತಿರುವಿನಿಂದ ಶುರು ಮಾಡಿ. ಹೇರ್‌ಪಿನ್‌ಗೆ ಎರಡನೇ ಗೇರ್‌ನಲ್ಲಿ ಹೋಗಿ. ಒಳಗೆ ಎದುರಿನಿಂದ ಬಸ್ ಬಂತು, ಬ್ರೇಕ್ ಹಾಕಿದಿರಿ, ಇಂಜಿನ್ 1,200 ಆರ್‌ಪಿಎಂಗೆ (ನಿಮಿಷಕ್ಕೆ ಇಂಜಿನ್ ತಿರುಗುವ ಸುತ್ತು) ಬಿತ್ತು ಅಂದುಕೊಳ್ಳಿ. ಈಗ ಆಕ್ಸಿಲರೇಟರ್ ಒತ್ತಿ. ಟರ್ಬೊ ಇನ್ನೂ ತಿರುಗಲು ಶುರುವಾಗಿಲ್ಲ, ಗಾಡಿ ಒಂದು ಕ್ಷಣ ಸತ್ತ ಹಾಗೆ ನಿಲ್ಲುತ್ತದೆ. ನೀವು ಇನ್ನಷ್ಟು ಒತ್ತುತ್ತೀರಿ. ಮುಳ್ಳು 1,600 ದಾಟಿದ ಕೂಡಲೇ ಅಷ್ಟೂ ಟಾರ್ಕ್ ಒಟ್ಟಿಗೆ ಬಂದು ಮುಂದಿನ ಚಕ್ರಕ್ಕೆ ಬೀಳುತ್ತದೆ. ಒದ್ದೆ ರಸ್ತೆಯಾದರೆ ಒಳಗಿನ ಚಕ್ರ ಜಾರುತ್ತದೆ, ಡ್ಯಾಶ್‌ಬೋರ್ಡಿನಲ್ಲಿ ಇಎಸ್‌ಸಿಯ (ಗಾಡಿ ಜಾರದಂತೆ ತಡೆಯುವ ವ್ಯವಸ್ಥೆ) ಹಳದಿ ದೀಪ ಮಿಣುಕುತ್ತದೆ, ಸ್ಟೀರಿಂಗ್ ಕೈಯಲ್ಲಿ ಸ್ವಲ್ಪ ಎಳೆದಂತಾಗುತ್ತದೆ. ಮೂರು ಕಾರಿನಲ್ಲೂ ಇದು ಆಗುತ್ತದೆ. ನೋಡಬೇಕಾದ್ದು ಎಷ್ಟು ಆಗುತ್ತದೆ, ಎಷ್ಟು ಬೇಗ ಸುಧಾರಿಸಿಕೊಳ್ಳುತ್ತದೆ ಅಂತ. ಮ್ಯಾನುಯಲ್ ಆದರೆ ಮೊದಲನೇ ಗೇರ್‌ಗೆ ಇಳಿಸುವುದು ನಿಮ್ಮ ಕೈಯಲ್ಲಿದೆ. ಆಟೋಮ್ಯಾಟಿಕ್ ತಾನೇ ಇಳಿಸುತ್ತದೆ, ಆದರೆ ಇಳಿಸುವ ಮೊದಲು ಒಂದು ಸಲ ಯೋಚನೆ ಮಾಡುತ್ತದೆ. ಎಸ್ (ಸ್ಪೋರ್ಟ್) ಮೋಡ್‌ಗೆ ಹಾಕಿ ಅದೇ ತಿರುವನ್ನು ಇನ್ನೊಮ್ಮೆ ಹತ್ತಿ ನೋಡಿ, ವ್ಯತ್ಯಾಸ ಗೊತ್ತಾಗುತ್ತದೆ.

ಎರಡನೆಯದು ತಿರುವಿನ ನಡುವಿನ ಗುಂಡಿ. ನೇರ ರಸ್ತೆಯ ಗುಂಡಿ ಯಾವ ಕಾರೂ ಸಹಿಸುತ್ತದೆ. ಗಾಡಿ ಒಂದು ಪಕ್ಕಕ್ಕೆ ವಾಲಿರುವಾಗ ಹೊರಗಿನ ಚಕ್ರ ಗುಂಡಿಗೆ ಬಿದ್ದರೆ ಆಗ ಸಸ್ಪೆನ್ಶನ್ ಬಂಡವಾಳ ಹೊರಬರುತ್ತದೆ. ಮೂರಕ್ಕೂ ಹಿಂದೆ ಟಾರ್ಶನ್ ಬೀಮ್. ಅಂದರೆ ಎರಡೂ ಹಿಂದಿನ ಚಕ್ರಕ್ಕೆ ಒಂದೇ ಅಡ್ಡಪಟ್ಟಿಯ ಸಂಬಂಧ, ಒಂದಕ್ಕೆ ಏಟು ಬಿದ್ದರೆ ಇನ್ನೊಂದಕ್ಕೂ ಗೊತ್ತಾಗುತ್ತದೆ. ಇಲ್ಲಿ ವರ್ಟಸ್ ಮತ್ತು ಸ್ಲಾವಿಯಾ ನನಗೆ ಮೇಲು ಅನಿಸುತ್ತವೆ. ಸ್ಟೀರಿಂಗ್‌ಗೆ ಸ್ವಲ್ಪ ತೂಕ ಇದೆ, ಗಾಡಿ ಹಿಡಿದ ಗೆರೆ ಬಿಡುವುದಿಲ್ಲ. ಅದಕ್ಕೆ ಬೆಲೆ ಏನಂದರೆ, ಸಣ್ಣ ವೇಗದಲ್ಲಿ ಕಿತ್ತುಹೋದ ಟಾರಿನ ಮೇಲೆ ಗಡುಸು, ಸೊಂಟಕ್ಕೆ ತಾಗುತ್ತದೆ. ವೆರ್ನಾ ಮೆತ್ತಗೆ, ಸ್ಟೀರಿಂಗ್ ಹಗುರ, ಪೇಟೆಯಲ್ಲಿ ಹಾಯಾಗಿರುತ್ತದೆ. ಜೋರಾಗಿ ತಿರುಗಿಸಿದರೆ ಬಾಡಿ ರೋಲ್ (ಪಕ್ಕಕ್ಕೆ ವಾಲುವುದು) ಜಾಸ್ತಿ. ದಿನಾ ನಿಧಾನಕ್ಕೆ ಓಡಿಸುವವರಿಗೆ ಇದು ದೋಷವೇ ಅಲ್ಲ.

ಇಳಿಯುವಾಗ ಬ್ರೇಕ್. ವೆರ್ನಾ ಟರ್ಬೊಗೆ ಹಿಂದೆಯೂ ಡಿಸ್ಕ್ ಇದೆ. ವರ್ಟಸ್, ಸ್ಲಾವಿಯಾ ಬಂದಾಗಿನಿಂದ ಹಿಂದೆ ಡ್ರಮ್, ಅದರ ಮೇಲೆ ಬೈಗುಳವೂ ಸಾಕಷ್ಟು. ನೀವು ನೋಡುವ ವರ್ಷದ ಗಾಡಿಯಲ್ಲಿ ಏನಿದೆ ಅಂತ ಚಕ್ರದ ಸಂದಿಯಲ್ಲಿ ಇಣುಕಿ ನೋಡಿಕೊಳ್ಳಿ. ಡ್ರಮ್‌ಗಿಂತ ಡಿಸ್ಕ್ ಬೇಗ ತಣ್ಣಗಾಗುತ್ತದೆ, ನಿಜ. ಆದರೆ ಇಳಿಜಾರಿನಲ್ಲಿ ಭಾರವೆಲ್ಲ ಮುಂದಕ್ಕೆ ಬರುವುದರಿಂದ ಕೆಲಸದ ದೊಡ್ಡ ಪಾಲು ಮುಂದಿನ ಡಿಸ್ಕಿನದೇ. ಹಾಗಾಗಿ ಡ್ರಮ್ ಇದೆ ಅಂತ ಒಂದು ಒಳ್ಳೆ ಕಾರು ಬಿಡಬೇಡಿ. ಅದಕ್ಕಿಂತ ಮುಖ್ಯ ನಿಮ್ಮ ಕಾಲು. ಡಿ ಮೋಡ್‌ನಲ್ಲೇ ಬಿಟ್ಟರೆ ಆಟೋಮ್ಯಾಟಿಕ್ ಮೈಲೇಜ್ ಆಸೆಗೆ ಮೇಲಿನ ಗೇರ್‌ಗೆ ಹೋಗಿ, ಇಂಜಿನ್ ಬ್ರೇಕಿಂಗ್ (ಇಂಜಿನ್ನೇ ಗಾಡಿಯ ವೇಗ ತಡೆಯುವುದು) ಇಲ್ಲದೆ ಗಾಡಿ ಜಾರುತ್ತ ಹೋಗುತ್ತದೆ. ಸ್ಟೀರಿಂಗ್ ಹಿಂದಿನ ಗೇರ್ ಪ್ಯಾಡಲ್ ಎಳೆದು ಅಥವಾ ಮ್ಯಾನುಯಲ್ ಮೋಡ್‌ಗೆ ಹಾಕಿ ಎರಡು-ಮೂರನೇ ಗೇರ್‌ನಲ್ಲಿ ಇಳಿಸಿ. ಘಾಟಿಯ ಕೆಳಗಿನ ಕೊಯ್ನಾಡು ತಲುಪಿದ ಮೇಲೆ ಕೆಳಗಿಳಿದು ಮೂಗಿಗೆ ಕೆಲಸ ಕೊಡಿ. ಸುಟ್ಟ ವಾಸನೆ ಬಂದರೆ ನೀವು ಇಳಿಸಿದ ರೀತಿ ಸರಿಯಿಲ್ಲ, ಅಥವಾ ಆ ಡೆಮೊ ಗಾಡಿಯ ಬ್ರೇಕ್ ಪ್ಯಾಡ್ ಆಯಸ್ಸು ಮುಗಿದಿದೆ.

ವೆರ್ನಾದ ಮೇಲಿನ ಮಾಡೆಲ್‌ನಲ್ಲಿ ಅಡಾಸ್ (ತಾನೇ ಬ್ರೇಕ್, ಸ್ಟೀರಿಂಗ್‌ಗೆ ಕೈ ಹಾಕಿ ಚಾಲಕನಿಗೆ ನೆರವಾಗುವ ವ್ಯವಸ್ಥೆ) ಇದೆ. ಹೈವೇಯಲ್ಲಿ ಉಪಯೋಗ. ನಮ್ಮ ಒಳರಸ್ತೆಯಲ್ಲಿ ಗುಂಡಿ ತಪ್ಪಿಸಲು ಬಿಳಿ ಗೆರೆ ದಾಟಿದರೆ ಅದು ಸ್ಟೀರಿಂಗ್ ಅನ್ನು ವಾಪಸ್ ಗುಂಡಿ ಕಡೆಗೇ ತಳ್ಳುತ್ತದೆ. ಲೇನ್ ಅಸಿಸ್ಟ್ ಆಫ್ ಮಾಡುವ ಬಟನ್ ಎಲ್ಲಿದೆ ಅಂತ ಟೆಸ್ಟ್ ಡ್ರೈವ್‌ನಲ್ಲೇ ಕೇಳಿಟ್ಟುಕೊಳ್ಳಿ.

ಇನ್ನೊಂದು ಮಾತು. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ಶೇ. 12-13ರಷ್ಟು ಕಡಿಮೆ. ಟರ್ಬೊ ಇಲ್ಲದ ಇಂಜಿನ್ ಹತ್ತಿರ ಹತ್ತಿರ ಅಷ್ಟೇ ಪವರ್ ಕಳೆದುಕೊಳ್ಳುತ್ತದೆ. ಟರ್ಬೊ ತಾನು ಇನ್ನೂ ಜೋರಾಗಿ ತಿರುಗಿ ಆ ಕೊರತೆ ತುಂಬುತ್ತದೆ. ಬೆಟ್ಟದ ಊರಿನವರಿಗೆ ಟರ್ಬೊ ಬರೀ ಶೋಕಿ ಅಲ್ಲ ಅನ್ನಲು ಇದೇ ಕಾರಣ.

ಇಂಜಿನ್: ಏನು ಕೆಡುತ್ತದೆ, ಯಾಕೆ

"ಟರ್ಬೊ ಅಂದರೆ ಬೇಗ ಕೆಡುತ್ತದೆ" ಅನ್ನುವ ಹಳೆಯ ಭಯ ಈಗ ಅಷ್ಟು ಬೇಕಾಗಿಲ್ಲ. ಎರಡೂ 1.5 ಇಂಜಿನ್‌ಗಳು ಗಟ್ಟಿ. ವ್ಯತ್ಯಾಸ ವಿವರಗಳಲ್ಲಿದೆ. ಇಂಜಿನ್ ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ತೆರೆದು ಮುಚ್ಚಿಸಲು ಟಿಎಸ್‌ಐಯಲ್ಲಿ ಟೈಮಿಂಗ್ ಬೆಲ್ಟ್, ವೆರ್ನಾದಲ್ಲಿ ಟೈಮಿಂಗ್ ಚೈನ್. ಬೆಲ್ಟ್ ಅಂದರೆ ಕಂಪನಿ ಹೇಳಿದ ಕಾಲಕ್ಕೆ ಪರೀಕ್ಷೆ ಮಾಡಿಸಿ ಬದಲಿಸಬೇಕು, ಅದಕ್ಕೆ ಖರ್ಚಿದೆ. ಹತ್ತು ವರ್ಷ ಇಟ್ಟುಕೊಳ್ಳುವವರು ಈ ಖರ್ಚನ್ನು ಮೊದಲೇ ಲೆಕ್ಕಕ್ಕೆ ಸೇರಿಸಿ. ಚೈನ್‌ಗೆ ಅಂಥ ಗಡುವಿಲ್ಲ, ಆದರೆ ಅದು ಬದುಕುವುದು ಆಯಿಲ್ ಮೇಲೆ. ಆಯಿಲ್ ಬದಲಿಸಲು ಸೋಮಾರಿತನ ಮಾಡುವವರ ಚೈನೂ ಸಡಿಲವಾಗುತ್ತದೆ.

1.5 ಟಿಎಸ್‌ಐ ಮೇಲೆ ಭಾರ ಕಡಿಮೆ ಇದ್ದಾಗ ನಾಲ್ಕರಲ್ಲಿ ಎರಡು ಸಿಲಿಂಡರ್ ತಾನೇ ಮಲಗುತ್ತವೆ. ಹೈವೇಯಲ್ಲಿ ಮೈಲೇಜ್ ಉಳಿಯುತ್ತದೆ. ಘಾಟಿ ಹತ್ತುವಾಗ ಅದಕ್ಕೆ ಅವಕಾಶ ಕಡಿಮೆ, ಹಾಗಾಗಿ ಮಡಿಕೇರಿಯಲ್ಲಿ ಬೆಂಗಳೂರಿನವರ ಮೈಲೇಜ್ ನಿರೀಕ್ಷೆ ಮಾಡಬೇಡಿ.

ನಿಜವಾಗಿ ಹೆದರಬೇಕಾದ್ದು ನಮ್ಮದೇ ಒಂದು ಅಭ್ಯಾಸಕ್ಕೆ. ಡೀಸೆಲ್ ಜೀಪು ಓಡಿಸಿ ರೂಢಿಯಾದವರು ಏರಿನಲ್ಲಿ ನಾಲ್ಕನೇ ಗೇರ್‌ನಲ್ಲೇ ಇಂಜಿನ್ ಗುರುಗುಟ್ಟಿಸಿಕೊಂಡು ಎಳೆಯುತ್ತಾರೆ. ಡೈರೆಕ್ಟ್ ಇಂಜೆಕ್ಷನ್ (ಪೆಟ್ರೋಲ್ ನೇರ ಸಿಲಿಂಡರ್ ಒಳಗೆ ಸಿಂಪಡಿಸುವುದು) ಇರುವ ಸಣ್ಣ ಟರ್ಬೊ ಪೆಟ್ರೋಲ್ ಇಂಜಿನ್‌ಗೆ ಇದು ಆಗಿಬರುವುದಿಲ್ಲ. ಕಡಿಮೆ ಆರ್‌ಪಿಎಂ, ಪೂರ್ತಿ ಒತ್ತಿದ ಆಕ್ಸಿಲರೇಟರ್, ಒಳಗೆ ಪೂರ್ತಿ ಬೂಸ್ಟ್ (ಟರ್ಬೊ ತುಂಬಿದ ಗಾಳಿಯ ಒತ್ತಡ). ಈ ಮೂರು ಸೇರಿದರೆ ಸ್ಪಾರ್ಕ್ ಹೊತ್ತುವ ಮೊದಲೇ ಪೆಟ್ರೋಲ್ ತಾನೇ ಉರಿದುಬಿಡಬಹುದು. ಒಂದೇ ಸಲದ ಏಟಿಗೆ ಪಿಸ್ಟನ್ ಒಡೆದ ಉದಾಹರಣೆಗಳಿವೆ. 2020ರಲ್ಲಿ ಬಂದ ಎಪಿಐ ಎಸ್‌ಪಿ ದರ್ಜೆಯ ಇಂಜಿನ್ ಆಯಿಲ್ ಈ ತೊಂದರೆಯನ್ನೂ ಗಮನದಲ್ಲಿಟ್ಟುಕೊಂಡು ಮಾಡಿದ್ದು. ಗಾಡಿಯ ಜೊತೆ ಕೊಟ್ಟ ಪುಸ್ತಕದಲ್ಲಿ ಬರೆದ ದರ್ಜೆಯ ಆಯಿಲ್ ಮಾತ್ರ ಹಾಕಿಸಿ, ಏರಿನಲ್ಲಿ ಒಂದು ಗೇರ್ ಇಳಿಸಿ, 2,000 ಆರ್‌ಪಿಎಂ ಮೇಲೆ ಇಟ್ಟುಕೊಳ್ಳಿ. ಸದ್ದು ಸ್ವಲ್ಪ ಜಾಸ್ತಿ ಬರಲಿ ಬಿಡಿ.

ಪೆಟ್ರೋಲ್ ವಿಷಯ. ಈಗ ಬಂಕುಗಳಲ್ಲಿ ಸಿಗುವುದು ಇ20, ಶೇ. 20 ಎಥನಾಲ್. 2023ರ ಏಪ್ರಿಲ್ ನಂತರ ತಯಾರಾದ ಕಾರುಗಳಿಗೆ ತೊಂದರೆ ಇಲ್ಲ, ಮೈಲೇಜ್ ಮಾತ್ರ ಸ್ವಲ್ಪ ಬೀಳುತ್ತದೆ. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಕಾರನ್ನು ವಾರಗಟ್ಟಲೆ ಶೆಡ್ಡಿನಲ್ಲಿ ನಿಲ್ಲಿಸಿ ಜೀಪು ಓಡಿಸುವ ಮನೆಗಳಲ್ಲಿ ಟ್ಯಾಂಕ್ ಅರ್ಧಕ್ಕಿಂತ ಜಾಸ್ತಿ ತುಂಬಿಸಿಡುವುದು ಒಳ್ಳೆಯದು, ಖಾಲಿ ಜಾಗದಲ್ಲಿ ತೇವ ಕೂರುವುದು ಕಡಿಮೆಯಾಗುತ್ತದೆ.

ಘಾಟಿ ಹತ್ತಿ ಬಂದ ಕೂಡಲೇ ಆಫ್ ಮಾಡಬೇಡಿ. ಒಂದು ನಿಮಿಷ ಐಡಲ್‌ನಲ್ಲಿ ಬಿಡಿ, ಟರ್ಬೊ ಒಳಗಿನ ಆಯಿಲ್ ತಣ್ಣಗಾಗಲಿ. ಆಫ್ ಮಾಡಿದ ಮೇಲೂ ಬಾನೆಟ್ ಒಳಗೆ ಫ್ಯಾನ್ ಅಥವಾ ಪಂಪ್ ಸದ್ದು ಬರುತ್ತಿದ್ದರೆ ಗಾಬರಿ ಬೇಡ, ಅದು ತನ್ನ ಕೆಲಸ ಮಾಡುತ್ತಿದೆ.

ಗೇರ್‌ಬಾಕ್ಸ್: ಇಲ್ಲಿ ಆತುರ ಬೇಡ

ವರ್ಟಸ್, ಸ್ಲಾವಿಯಾ 1.5ರ ಆಟೋಮ್ಯಾಟಿಕ್ ಏಳು ಗೇರ್‌ನ ಡಿಎಸ್‌ಜಿ, ಅದರ ಹೆಸರು ಡಿಕ್ಯೂ200. ವೆರ್ನಾದ್ದು ಏಳು ಗೇರ್‌ನ ಡಿಸಿಟಿ. ಎರಡೂ ಡ್ಯುಯಲ್ ಕ್ಲಚ್, ಅದೂ ಡ್ರೈ ಕ್ಲಚ್. ಅಂದರೆ ಒಳಗೆ ಎರಡು ಕ್ಲಚ್ ಪ್ಲೇಟ್ ಇವೆ, ಅವನ್ನು ತಣ್ಣಗಿಡಲು ಆಯಿಲ್ ಇಲ್ಲ, ಗಾಳಿಯೇ ಗತಿ. ಹೈವೇಯಲ್ಲಿ ಅದ್ಭುತ, ಕಣ್ಣು ಮಿಟುಕಿಸುವುದರಲ್ಲಿ ಗೇರ್ ಬೀಳುತ್ತದೆ. ಆದರೆ ಗಾಡಿ ತೆವಳುವಾಗ ಕ್ಲಚ್ ಅರ್ಧ ಹಿಡಿದು ಅರ್ಧ ಬಿಟ್ಟು ಉಜ್ಜುತ್ತಾ ಇರುತ್ತದೆ. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಡಿಎಸ್‌ಜಿ ಬಿಸಿಯಾಗುವುದು ಇದಕ್ಕೇ.

ನಮ್ಮಲ್ಲಿ ಟ್ರಾಫಿಕ್ ಇಲ್ಲವಲ್ಲ ಅಂತೀರಾ? ತೋಟದ ದಾರಿ ಇದೆಯಲ್ಲ. ಕಡಿದಾದ ಏರು, ಕಲ್ಲು, ನಡಿಗೆಯ ವೇಗ. ಎದುರಿಗೆ ಟ್ರ್ಯಾಕ್ಟರ್ ಬಂದರೆ ಏರಿನಲ್ಲೇ ನಿಂತು ಹಿಂದಕ್ಕೆ ಹೋಗಬೇಕು. ರಿವರ್ಸ್‌ನಲ್ಲಿ ಏರು ಹತ್ತುವುದು ಡ್ರೈ ಕ್ಲಚ್‌ಗೆ ಕೊಡುವ ದೊಡ್ಡ ಹಿಂಸೆ. ಆಕ್ಸಿಲರೇಟರ್ ಮೇಲೇ ಗಾಡಿ ಹಿಡಿದು ನಿಲ್ಲಿಸುವುದು ಅದಕ್ಕಿಂತ ಕೆಟ್ಟದ್ದು. ನಿಲ್ಲಬೇಕಾದರೆ ಬ್ರೇಕ್ ಹಾಕಿ, ಹೊರಡುವಾಗ ಅನುಮಾನವಿಲ್ಲದೆ ಹೊರಡಿ. ಡ್ಯಾಶ್‌ಬೋರ್ಡಿನಲ್ಲಿ ಗೇರ್‌ಬಾಕ್ಸ್ ಬಿಸಿ ಅಂತ ಸೂಚನೆ ಬಂದರೆ ಪಕ್ಕಕ್ಕೆ ಹಾಕಿ ಕಾಯಿರಿ.

ಡಿಕ್ಯೂ200ಗೆ ಹಳೆಯ ಕೆಟ್ಟ ಹೆಸರೂ ಇದೆ. 2013ರಲ್ಲಿ ಅದರ ಆಯಿಲ್ ಕಾರಣಕ್ಕೆ ಫೋಕ್ಸ್‌ವ್ಯಾಗನ್ ಜಗತ್ತಿನಾದ್ಯಂತ ಸುಮಾರು 16 ಲಕ್ಷ ಕಾರುಗಳನ್ನು ವಾಪಸ್ ಕರೆಸಿ ಸರಿಮಾಡಿತು. ಆಮೇಲೆ ಸುಧಾರಿಸಿದೆ. ಆದರೂ ಒಂದು ಲೆಕ್ಕ ನೆನಪಿಡಿ: ಡಿಕ್ಯೂ200 ತಾಳುವ ಟಾರ್ಕ್ ಮಿತಿ 250 ನ್ಯೂಟನ್ ಮೀಟರ್. 1.5 ಟಿಎಸ್‌ಐ ಕೊಡುವುದೂ 250. ಗೇರ್‌ಬಾಕ್ಸ್ ತನ್ನ ಅಂಚಿನಲ್ಲೇ ಕೆಲಸ ಮಾಡುತ್ತಿದೆ. ಕುಶಾಲನಗರದಲ್ಲೋ ಮೈಸೂರಿನಲ್ಲೋ ಯಾರಾದರೂ "ರೀಮ್ಯಾಪ್ ಮಾಡ್ಸಿ, ಇನ್ನೂ 30 ಪಿಎಸ್ ಬರುತ್ತೆ" ಅಂತ ಇಂಜಿನ್ ಸಾಫ್ಟ್‌ವೇರ್ ಬದಲಿಸಲು ಹೇಳಿದರೆ ನಕ್ಕು ಬಂದುಬಿಡಿ. ಇಂಜಿನ್ ತಡೆಯಬಹುದು, ಕ್ಲಚ್ ತಡೆಯುವುದಿಲ್ಲ, ವಾರಂಟಿಯೂ ಹೋಯಿತು.

ಈಗ ಆ ಚೀಟಿ ತೆಗೆಯಿರಿ. ದಿನಾ ತೋಟದ ಏರು ದಾರಿಯಲ್ಲಿ ಓಡಾಟ ಇದ್ದರೆ ಮ್ಯಾನುಯಲ್ ತಗೊಳ್ಳಿ. ಕ್ಲಚ್ ಸುಟ್ಟರೂ ಮ್ಯಾನುಯಲ್ ಕ್ಲಚ್ ಪ್ಲೇಟ್ ಬದಲಿಸುವ ಖರ್ಚು ಡ್ಯುಯಲ್ ಕ್ಲಚ್ ಖರ್ಚಿನ ಹತ್ತಿರಕ್ಕೂ ಬರುವುದಿಲ್ಲ. ಮನೆ ಟಾರ್ ರಸ್ತೆ ಪಕ್ಕದಲ್ಲೇ ಇದ್ದು ಓಡಾಟ ಹೆಚ್ಚು ಮೈಸೂರು ಕಡೆಗಾದರೆ ಡಿಎಸ್‌ಜಿ ಧೈರ್ಯವಾಗಿ ತಗೊಳ್ಳಿ, ಖುಷಿ ಪಡಿ. ಯಾವ ಇಂಜಿನ್ ಜೊತೆ ಮ್ಯಾನುಯಲ್ ಸಿಗುತ್ತದೆ ಅನ್ನುವುದನ್ನು ಕಂಪನಿಗಳು ಆಗಾಗ ಬದಲಿಸುತ್ತವೆ, ಬುಕಿಂಗ್ ದಿನ ಕೇಳಿ ಖಚಿತ ಮಾಡಿಕೊಳ್ಳಿ. 1.5ಕ್ಕೆ ಮ್ಯಾನುಯಲ್ ಇಲ್ಲ ಅಂದರೆ 1.0 ಟಿಎಸ್‌ಐ ಮ್ಯಾನುಯಲ್ ಕೂಡ ನೋಡಿ. ಕಡಿಮೆ ಆರ್‌ಪಿಎಂನಲ್ಲಿ ಅದಕ್ಕೆ ಉಸಿರು ಕಡಿಮೆ, ಆದರೆ ಮುಂಭಾಗ ಹಗುರ, ತಿರುವಿನಲ್ಲಿ ಚುರುಕು.

ಸೆಕೆಂಡ್ ಹ್ಯಾಂಡ್ ಆಕ್ಟೇವಿಯಾ ಅಂದರೆ

ಕಣ್ಣು ಬೀಳುವುದು ಸಹಜ. ಆದರೆ ಯಾವ ಆಕ್ಟೇವಿಯಾ ಅನ್ನುವುದು ಮುಖ್ಯ. 2013ರಿಂದ ಬಂದ 1.8 ಟಿಎಸ್‌ಐ 180 ಪಿಎಸ್ ಕೊಡುತ್ತದೆ, ಹಿಂದೆ ಮಲ್ಟಿಲಿಂಕ್ (ಎರಡೂ ಚಕ್ರ ಬೇರೆ ಬೇರೆಯಾಗಿ ಆಡುವ) ಸಸ್ಪೆನ್ಶನ್. ತಿರುವಿನಲ್ಲಿ ಮೇಲಿನ ಮೂರನ್ನೂ ಮೀರಿಸುತ್ತದೆ. ಗೇರ್‌ಬಾಕ್ಸ್ ಮಾತ್ರ ಅದೇ ಡಿಕ್ಯೂ200, ಅದೂ ಹಳೆಯದು. 2017ರ ವಿಆರ್‌ಎಸ್‌ನಲ್ಲಿ (ಆಕ್ಟೇವಿಯಾದ ಸ್ಪೋರ್ಟ್ಸ್ ಮಾಡೆಲ್) 230 ಪಿಎಸ್ ಇಂಜಿನ್, ಆಯಿಲ್‌ನಲ್ಲಿ ಮುಳುಗಿದ ವೆಟ್ ಕ್ಲಚ್ ಇರುವ ಆರು ಗೇರ್‌ನ ಡಿಎಸ್‌ಜಿ. ಇದು ಗಟ್ಟಿ, ಆದರೆ 60,000 ಕಿಲೋಮೀಟರಿಗೊಮ್ಮೆ ಗೇರ್‌ಬಾಕ್ಸ್ ಆಯಿಲ್ ಬದಲಿಸಿರಲೇಬೇಕು. ಬಿಲ್ ತೋರಿಸಿ ಅನ್ನಿ, ಬಾಯಿಮಾತು ಬೇಡ. 2021ರಿಂದ 2023ರವರೆಗೆ ಇದ್ದ 2.0 ಟಿಎಸ್‌ಐ 190 ಪಿಎಸ್, 320 ನ್ಯೂಟನ್ ಮೀಟರ್, ಅದಕ್ಕೂ ವೆಟ್ ಕ್ಲಚ್. ನನ್ನ ಕೇಳಿದರೆ ಕೊಡಗಿಗೆ ಹಳೆಯ ಕಾರುಗಳಲ್ಲಿ ಸರಿಯಾದ ಆಯ್ಕೆ ಇದು. ವಿಆರ್‌ಎಸ್ ತುಂಬಾ ತಗ್ಗು, ಹಂಪ್ಸ್ ಕಂಡಲ್ಲೆಲ್ಲ ಎದೆ ಢವಢವ.

ಅದಕ್ಕಿಂತ ಹಿಂದಿನ ಲಾರಾ 1.8 ಟಿಎಸ್‌ಐ ಮೇಲೆ ಪ್ರೀತಿ ಇರುವವರು ಚೈನ್ ಟೆನ್ಶನರ್ (ಟೈಮಿಂಗ್ ಚೈನ್ ಬಿಗಿ ಹಿಡಿಯುವ ಭಾಗ) ಮತ್ತು ಆಯಿಲ್ ಕುಡಿಯುವ ಚಾಳಿ ಎರಡನ್ನೂ ವಿಚಾರಿಸಿಯೇ ಮುಂದುವರಿಯಿರಿ. 2023ಕ್ಕಿಂತ ಹಳೆಯ ಕಾರುಗಳಲ್ಲಿ ಹಲವನ್ನು ಇ20 ಲೆಕ್ಕದಲ್ಲಿ ಮಾಡಿಲ್ಲ, ಪೆಟ್ರೋಲ್ ಪೈಪು-ಸೀಲುಗಳನ್ನೂ ನೋಡಿಸಿ.

ನೋಡಲು ಹೋದಾಗ ಇಂಜಿನ್ ತಣ್ಣಗಿರಬೇಕು. ಮೊದಲೇ ಫೋನ್ ಮಾಡಿ "ಸ್ಟಾರ್ಟ್ ಮಾಡಿ ಇಡಬೇಡಿ" ಅಂತ ಹೇಳಿ. ಬಾನೆಟ್ ಮೇಲೆ ಕೈ ಇಟ್ಟು ನೋಡಿ. ಬೆಚ್ಚಗಿದ್ದರೆ ಯಾವುದೋ ಸದ್ದು ಮುಚ್ಚಿಡುತ್ತಿದ್ದಾರೋ ಏನೋ. ಡಿಪ್‌ಸ್ಟಿಕ್ (ಆಯಿಲ್ ಅಳೆಯುವ ಕಡ್ಡಿ) ಎಳೆದು ಬಟ್ಟೆಯಲ್ಲಿ ಒರೆಸಿ ಮತ್ತೆ ಹಾಕಿ ತೆಗೆಯಿರಿ. ಆಯಿಲ್ ಕಪ್ಪಗಿದ್ದರೆ ಚಿಂತೆ ಇಲ್ಲ, ಕನಿಷ್ಠ ಗುರುತಿಗಿಂತ ಕೆಳಗಿದ್ದರೆ ಚಿಂತೆ. ಆಮೇಲೆ ಟಾರ್ಚ್ ಹಿಡಿದು ಇಂಜಿನ್ ಪಕ್ಕದ ವಾಟರ್ ಪಂಪ್-ಥರ್ಮೋಸ್ಟಾಟ್ ಹೌಸಿಂಗ್ ನೋಡಿ. ಅದು ಪ್ಲಾಸ್ಟಿಕ್. ಈ 1.8 ಮತ್ತು 2.0 ಇಂಜಿನ್‌ಗಳಲ್ಲಿ ಸೋರುವ ಜಾಗ ಅದೇ. ಸೋರಿದ ಕೂಲೆಂಟ್ ಒಣಗಿ ಗುಲಾಬಿ ಬಣ್ಣದ ಪುಡಿಯಾಗಿ ಅಂಟಿಕೊಂಡಿರುತ್ತದೆ. ಉಗುರಿನಲ್ಲಿ ಕೆರೆದರೆ ಉದುರುತ್ತದೆ. ಅದು ಕಂಡರೆ ಕಾರು ಬಿಡಬೇಕಾಗಿಲ್ಲ, ರಿಪೇರಿ ದುಡ್ಡು ಬೆಲೆಯಲ್ಲಿ ಕಳೆಯಿರಿ.

ಸ್ಟಾರ್ಟ್ ಮಾಡಿದ ಮೊದಲ ಎರಡು ಸೆಕೆಂಡ್ ಕಿವಿ ಕೊಟ್ಟು ಕೇಳಿ. ಮುಂಭಾಗದಿಂದ ಕಟಕಟ ಸದ್ದು ಬಂದು ನಿಂತರೆ ಚೈನ್ ಕಡೆ ಅನುಮಾನ. ಡಿಎಸ್‌ಜಿಯಾದರೆ ಸಣ್ಣ ಏರಿನಲ್ಲಿ ನಿಲ್ಲಿಸಿ, ಆಕ್ಸಿಲರೇಟರ್ ಮುಟ್ಟದೆ ಬ್ರೇಕ್ ಬಿಡಿ. ನಡುಗದೆ ಮುಂದೆ ಹೋಗಬೇಕು. ಒಂದರಿಂದ ಎರಡಕ್ಕೆ, ಎರಡರಿಂದ ಒಂದಕ್ಕೆ ಬೀಳುವಾಗ ಜರ್ಕ್ ಇದ್ದರೆ ಸ್ಕ್ಯಾನರ್ ಇರುವ ಮೆಕ್ಯಾನಿಕ್ ಹತ್ತಿರ ಒಯ್ಯದೆ ಅಡ್ವಾನ್ಸ್ ಕೊಡಬೇಡಿ.

ಹಾಗಾದರೆ ಯಾವುದು

ಘಾಟಿಯಲ್ಲಿ ಓಡಿಸುವ ಖುಷಿಯೇ ಮುಖ್ಯ ಅಂದರೆ ವರ್ಟಸ್ ಅಥವಾ ಸ್ಲಾವಿಯಾ. ಎರಡರಲ್ಲಿ ಯಾವುದಕ್ಕೆ ಜಾಸ್ತಿ ಡಿಸ್ಕೌಂಟ್ ಕೊಡುತ್ತಾರೋ ಅದು. ಮನೆಯವರೆಲ್ಲ ಓಡಾಡುವ, ಕಾಯಿಲೆ ಬಿದ್ದವರನ್ನು ಮೈಸೂರಿಗೆ ಕರೆದುಕೊಂಡು ಹೋಗುವ, ಹತ್ತು ವರ್ಷ ಇಟ್ಟುಕೊಳ್ಳುವ ಕಾರು ಬೇಕಾದರೆ ವೆರ್ನಾ ಟರ್ಬೊ ಮ್ಯಾನುಯಲ್. ಹ್ಯುಂಡೈ ಸರ್ವಿಸ್ ಜಾಲ ದೊಡ್ಡದು, ಸ್ಪೇರ್ ಸುಲಭವಾಗಿ ಸಿಗುತ್ತದೆ. ತೋಟದ ದಾರಿಯಲ್ಲಿ ಮಣ್ಣು ದಾರಕ್ಕೆ ತೀರ ಹತ್ತಿರ ಬಂದಿದ್ದರೆ ಮಾತ್ರ ಆ 14 ಮಿಲಿಮೀಟರ್ ವ್ಯತ್ಯಾಸ ವರ್ಟಸ್ ಕಡೆಗೆ ತೂಗುತ್ತದೆ.

ಸರ್ವಿಸ್ ಬಗ್ಗೆ ಇನ್ನೊಂದು ಮಾತು. ನಿಮ್ಮ ಕಾರು ಯಾವ ಊರಿಗೆ ಸರ್ವಿಸ್‌ಗೆ ಹೋಗಬೇಕು ಅಂತ ಬುಕಿಂಗ್ ಮೊದಲೇ ಕೇಳಿ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್, ಮಂಗಳೂರು ಇನ್ನೂ ದೂರ. ಡ್ಯುಯಲ್ ಕ್ಲಚ್ ಕಾರು ಕೆಟ್ಟು ನಿಂತರೆ ಹಗ್ಗ ಕಟ್ಟಿ ದೂರ ಎಳೆಯುವ ಹಾಗಿಲ್ಲ, ಫ್ಲ್ಯಾಟ್‌ಬೆಡ್ ಬೇಕು. ರೋಡ್‌ಸೈಡ್ ಅಸಿಸ್ಟೆನ್ಸ್ ಎಷ್ಟು ದೂರದವರೆಗೆ ಉಚಿತ ಅಂತ ಬರೆದು ಕೊಡಿಸಿಕೊಳ್ಳಿ. ವಾರಂಟಿ ವಿಸ್ತರಣೆಯನ್ನು ಆಟೋಮ್ಯಾಟಿಕ್ ತಗೊಳ್ಳುವವರು ಬಿಡಲೇಬೇಡಿ.

ತಂದ ಮೇಲೆ, ಜೂನ್ ಬರುವ ಮೊದಲು

ಟಯರ್‌ಗೆ ಕಾನೂನಿನ ಮಿತಿ 1.6 ಮಿ.ಮೀ. ಗ್ರಿಪ್. ನಮ್ಮ ಮಳೆಗೆ ಅದು ಸಾಲದು. 3 ಮಿ.ಮೀ. ಆಗುತ್ತಲೇ ಬದಲಿಸಿ. ತೋಟದ ಗೇಟುಗಳ ಮುಂದೆ ಟ್ರ್ಯಾಕ್ಟರ್ ಕೆಂಪು ಮಣ್ಣು ತಂದು ಟಾರ್ ಮೇಲೆ ಹಾಕಿರುತ್ತದೆ. ಬಿಸಿಲು ಬೀಳದ ತಿರುವುಗಳಲ್ಲಿ ರಸ್ತೆಯ ಅಂಚಿಗೆ ಪಾಚಿ ಕಟ್ಟಿರುತ್ತದೆ. ಅಲ್ಲಿ ಯಾವ ಇಎಸ್‌ಸಿಯೂ ಬೋಳು ಟಯರ್ ಉಳಿಸುವುದಿಲ್ಲ. ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲಿಸಿ. ಅದು ಗಾಳಿಯ ತೇವ ಹೀರಿಕೊಳ್ಳುತ್ತದೆ, ನಮ್ಮಲ್ಲಿ ತೇವಕ್ಕೆ ಬರ ಇಲ್ಲ. ನೀರು ಸೇರಿದ ಬ್ರೇಕ್ ಆಯಿಲ್ ಘಾಟಿ ಇಳಿಯುವಾಗ ಕುದಿದರೆ ಪೆಡಲ್ ಸೀದಾ ನೆಲಕ್ಕೆ ಹೋಗುತ್ತದೆ.

ವೈಪರ್ ಕೆಳಗಿನ ಜಾಲರಿಯನ್ನು ಮೇ ತಿಂಗಳಲ್ಲೇ ತೆಗೆಸಿ ಸ್ವಚ್ಛ ಮಾಡಿಸಿ. ಬೇಸಿಗೆಯೆಲ್ಲ ಸಿಲ್ವರ್ ಓಕ್ ಎಲೆ ಉದುರಿ ಅಲ್ಲಿ ಸೇರಿಕೊಂಡಿರುತ್ತದೆ. ನೀರು ಹೋಗುವ ತೂತು ಮುಚ್ಚಿದರೆ ಮೊದಲ ದೊಡ್ಡ ಮಳೆಗೆ ನೀರು ಎಸಿ ಬ್ಲೋವರ್ ಮೂಲಕ ಒಳಗೆ ಇಳಿಯುತ್ತದೆ. ಮ್ಯಾಟ್ ಒದ್ದೆಯಾದದ್ದು ನೋಡಿ ಬಾಗಿಲ ರಬ್ಬರ್ ಬದಲಿಸುತ್ತಾ ಕೂರುವವರಿದ್ದಾರೆ, ನೀರು ಬಂದದ್ದು ಮೇಲಿನಿಂದ. ಹಾಗೆಯೇ ಬಾನೆಟ್ ತೆಗೆದು ಇಲಿ ಗೂಡು ಕಟ್ಟಿದೆಯೇ ನೋಡಿ. ಮಳೆ ಹಿಡಿದ ಮೇಲೆ ಬೆಚ್ಚಗಿನ ಇಂಜಿನ್ ಅವಕ್ಕೆ ಇಷ್ಟ. ಆಮ್ಲಜನಕ ಸೆನ್ಸರ್‌ನ ಒಂದು ವೈರ್ ಕಡಿದರೂ ಇಂಜಿನ್ ದೀಪ ಹೊತ್ತುತ್ತದೆ. ಆಗ ಸರ್ವಿಸ್‌ನವರು ದೊಡ್ಡ ಪಾರ್ಟ್ ಹೆಸರು ಹೇಳುವ ಮೊದಲು ವೈರಿಂಗ್ ಪೂರ್ತಿ ನೋಡಿ ಅಂತ ನೀವೇ ಹೇಳಿ.